ಏರಿನಲ್ಲಿ ಎಳೆಯದ ಗಾಡಿ

ಆ ಕಾರು ಚೆಂದ ಇಲ್ಲ ಎಂದವರನ್ನು ನಾನು ನೋಡಿಲ್ಲ. ಕಡುನೀಲಿ ಬಣ್ಣ, ನೆಲಕ್ಕೆ ಹತ್ತಿರವಾಗಿ ಕೂತ ಮೈ, ಮುಂದೆ ಕಿರಿದಾದ ದೀಪಗಳು. ಹಿಂದಿನ ಬಾಗಿಲಿನ ಹಿಡಿಯನ್ನು ಕಿಟಕಿಯ ಮೂಲೆಯಲ್ಲಿ ಬಚ್ಚಿಟ್ಟಿದ್ದರು. ಮೊದಲ ಸಲ ಹತ್ತುವವರು ಹಿಡಿ ಎಲ್ಲಿದೆ ಎಂದು ಬಾಗಿಲನ್ನೆಲ್ಲ ಸವರುತ್ತ ನಿಲ್ಲುತ್ತಿದ್ದರು, ನಮ್ಮವರು ಒಳಗೆ ಕೂತು ಮೀಸೆಯಡಿ ನಗುತ್ತಿದ್ದರು. ಲಿಫ್ಟ್ ಮಾರುವ ಕಂಪನಿಯಲ್ಲಿ ಅವರು ಏರಿಯಾ ಮ್ಯಾನೇಜರ್ ಆದಾಗ ಕಂಪನಿ ಕೊಟ್ಟ ಕಾರು ಅದು. ಬಂದ ದಿನ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಈಗ ಅದನ್ನು ಕಂಪನಿಯವರು ವಾಪಸ್ ತೆಗೆದುಕೊಂಡು ಬೇರೆ ಕೊಟ್ಟಿದ್ದಾರೆ. ನೆಂಟರು ಬಂದರೆ ಇವತ್ತಿಗೂ, ಎಂಥಾ ಗಾಡಿ ಇತ್ತು ನಿಮ್ಮ ಹತ್ತಿರ ಅನ್ನುತ್ತಾರೆ. ಕೇಳಿದರೆ ನನ್ನ ಮೈಯೆಲ್ಲ ಉರಿಯುತ್ತದೆ.

ಚೆಂದ ಹೊರಗೆ ಮಾತ್ರ. ನೋಡುವುದಕ್ಕೆ ರಾಜಕುಮಾರಿ, ಬಾಯಿ ಬಿಟ್ಟರೆ ಟ್ರ್ಯಾಕ್ಟರ್. ಅದು ಡೀಸೆಲ್ ಗಾಡಿ. ಹೊಗೆ ಹೋಗುವ ಕೊಳವೆಯೊಳಗೆ ಮಸಿ ಹಿಡಿಯುವ ಒಂದು ಜರಡಿ ಇತ್ತು. ಹೆದ್ದಾರಿಯಲ್ಲಿ ಜೋರಾಗಿ ಬಹಳ ದೂರ ಓಡಿದರೆ ಆ ಮಸಿ ತಾನಾಗಿಯೇ ಸುಟ್ಟುಹೋಗುತ್ತದಂತೆ. ನಮ್ಮವರ ಓಡಾಟವೆಲ್ಲ ಊರೊಳಗೆ, ಈ ಕಟ್ಟಡದಿಂದ ಆ ಕಟ್ಟಡಕ್ಕೆ, ಸಿಗ್ನಲ್‌ನಿಂದ ಸಿಗ್ನಲ್‌ಗೆ. ಮಸಿ ಕಟ್ಟಿಕೊಳ್ಳುತ್ತಿತ್ತು, ಸ್ಟೀರಿಂಗ್ ಎದುರಿನ ಫಲಕದಲ್ಲಿ ಹಳದಿ ದೀಪ ಹತ್ತುತ್ತಿತ್ತು, ಗಾಡಿ ಮೊಂಡು ಹಿಡಿದು ತೆವಳುತ್ತಿತ್ತು. ಇಂಥದ್ದೊಂದು ಗಾಡಿಯನ್ನು ಊರೊಳಗೆ ತಿರುಗುವವನಿಗೆ ಕೊಟ್ಟ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಬಣ್ಣ ನೋಡಿ ಆರಿಸಿರಬೇಕು.

ಹೀಗಾಗಿ ಭಾನುವಾರ ಬಂತೆಂದರೆ ಅದಕ್ಕೆ ಹೆದ್ದಾರಿಯ ಸವಾರಿ. ನಮ್ಮವರು ಓಡಿಸುವುದು, ಪಕ್ಕದಲ್ಲಿ ಮಾವ. ಮಾವ ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತರಾದವರು. ಬಸ್ಸಿನ ಎತ್ತರದ ಸೀಟಿಗೆ ಒಗ್ಗಿದ್ದ ಉದ್ದ ಮೈಯನ್ನು ಮಡಚಿ ಆ ತಗ್ಗು ಸೀಟಿನಲ್ಲಿ ಕೂರುತ್ತಿದ್ದರು, ಮೊಣಕಾಲು ಎದೆಗೆ ತಾಗುತ್ತಿತ್ತು. ಆದರೂ ಒಂದು ಭಾನುವಾರವೂ ತಪ್ಪಿಸಿಕೊಂಡವರಲ್ಲ.

ಅದಕ್ಕೆ ಮೊದಲು ಅಪ್ಪ ಮಗ ಮಾತಾಡಿದ್ದನ್ನು ನಾನು ಕೇಳಿದ್ದೇ ಕಡಿಮೆ. ಜಗಳವೇನೂ ಇರಲಿಲ್ಲ. ಇಬ್ಬರಿಗೂ ನಾಲಿಗೆ ಹೊರಳುತ್ತಿರಲಿಲ್ಲ, ಅಷ್ಟೇ. ಅತ್ತೆ ಇರುವವರೆಗೆ ಅವರ ಮೂಲಕ ಮಾತು, ಅತ್ತೆ ಹೋದ ಮೇಲೆ ನನ್ನ ಮೂಲಕ. ಅವನಿಗೆ ಹೇಳು, ಅಪ್ಪನಿಗೆ ಹೇಳು. ಮೂವರೂ ಒಂದೇ ಮೇಜಿಗೆ ಕೂತಿದ್ದರೂ ಹೀಗೆಯೇ. ನನ್ನ ಕೆಲಸ ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ. ದಿನವಿಡೀ ಮೇಣದ ಮೇಲೆ ಹಲ್ಲು ಕೂರಿಸುವ ನಾನು ಬಾಯಿಯೇ ಬಿಡದವರ ಮನೆ ಸೇರಿದೆನಲ್ಲ ಎಂದು ಜೊತೆಯವರ ಹತ್ತಿರ ಹೇಳಿ ನಗುತ್ತಿದ್ದೆ.

ಗಾಡಿ ಬಂದ ಮೇಲೆ ಇಬ್ಬರಿಗೂ ಮಾತಿಗೊಂದು ದಾರಿ ಸಿಕ್ಕಿತು. ಮೊದಮೊದಲು ಗಾಡಿಯ ಬಗ್ಗೆಯೇ ಮಾತು. ಬರುಬರುತ್ತ ಗಾಡಿಯ ಹೆಸರಿನಲ್ಲಿ ಬೇರೆಲ್ಲ ಮಾತೂ ಆಗತೊಡಗಿತು. ನಮ್ಮವರು ಮುಖ ಗಂಟಿಕ್ಕಿಕೊಂಡು ಆಫೀಸಿನಿಂದ ಬಂದರೆ ಮಾವ ಪೇಪರಿನಿಂದ ತಲೆ ಎತ್ತದೆ, ಗಾಡಿ ಬಿಸಿಯಾಗಿದೆ, ಆರಲಿ, ಆಮೇಲೆ ಬಾನೆಟ್ ತೆಗೆದರಾಯಿತು ಅನ್ನುತ್ತಿದ್ದರು. ನಾನು ಆ ಹೊತ್ತಿಗೆ ಏನೂ ಕೇಳಕೂಡದು ಎಂದು ಅದರ ಅರ್ಥ. ಮಾವ ಊಟ ಬಿಟ್ಟರೆ ನಮ್ಮವರು ಬಾಗಿಲಲ್ಲಿ ನಿಂತು, ಟ್ಯಾಂಕ್ ಖಾಲಿ ಬಿಟ್ಟರೆ ಪಂಪ್ ಹಾಳಾಗುತ್ತೆ ಅನ್ನುತ್ತಿದ್ದರು. ಮಾವ ಗೊಣಗುತ್ತ ಬಂದು ತಟ್ಟೆ ಮುಂದೆ ಕೂರುತ್ತಿದ್ದರು. ಎಲ್ಲವೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆದರೂ ಒಬ್ಬರದು ಒಬ್ಬರಿಗೆ ಮುಟ್ಟುತ್ತಿತ್ತು.

ನನ್ನ ಬಸಿರು ನಿಲ್ಲದೆ ಹೋದ ವಾರ ನಮ್ಮವರು ಮನೆಯಲ್ಲಿ ಕೂರಲಾರದೆ ಬೆಳಗಾದರೆ ಆಫೀಸಿಗೆ ಓಡುತ್ತಿದ್ದರು. ಮಾವ ಅವರನ್ನು ಮೆಟ್ಟಿಲ ಹತ್ತಿರ ತಡೆದು, ಎಷ್ಟು ದಿನ ಅಂತ ಓಡಿಸ್ತೀಯ, ಎಂಜಿನ್ ಆಫ್ ಮಾಡಿ ಒಂದು ಕಡೆ ನಿಲ್ಲು ಅಂದರು. ನಮ್ಮವರು ವಾಪಸ್ ಬಂದು ಬೂಟು ಬಿಚ್ಚಿ ಸಂಜೆಯವರೆಗೂ ನನ್ನ ಪಕ್ಕದಲ್ಲಿ ಕೂತರು. ಹಾಗಾಗಿ ಆ ಭಾಷೆಯನ್ನು ನಾನು ಗೇಲಿ ಮಾಡಿದರೂ ಅದಕ್ಕೆ ಋಣಿಯಾಗಿದ್ದೆ. ಹೇಗೋ ಒಂದು ರೀತಿ ಮಾತು ನಡೆಯುತ್ತಿದೆ, ನಡೆಯಲಿ ಅಂದುಕೊಂಡೆ.

ಮಾರನೆಯ ವರ್ಷ ಮಾವ ಗಾಡಿಯ ಮೇಲೆ ದೂರು ಹೇಳತೊಡಗಿದರು. ಒಂದು ಭಾನುವಾರ ಸವಾರಿ ಮುಗಿಸಿ ಬಂದವರೇ, ಯಾಕೋ ಏರಿನಲ್ಲಿ ಎಳೀತಿಲ್ಲ ಕಣೋ ಅಂದರು. ನಮ್ಮವರು ಅದನ್ನು ತಲೆಗೆ ಹಚ್ಚಿಕೊಂಡರು. ಮೊದಲೇ ರೋಗಿಷ್ಟ ಗಾಡಿ, ಮೇಲೆ ಬಸ್ಸು ಓಡಿಸಿದವರ ಮಾತು. ಮರುದಿನವೇ ಗ್ಯಾರೇಜಿಗೆ ಬಿಟ್ಟರು. ಗ್ಯಾರೇಜಿನವರು ನೋಡಿ ಏನೂ ಇಲ್ಲ ಎಂದು ತೊಳೆದು ಕೊಟ್ಟರು.

ಮುಂದಿನ ವಾರಗಳಲ್ಲಿ ಮತ್ತೆ ಅದೇ. ಒಳಗೆಲ್ಲೋ ಮಸಿ ಕಟ್ಟಿದೆ, ಸೀಟಿ ಹೊಡೆದ ಹಾಗೆ ಸದ್ದು ಬರುತ್ತಿದೆ, ನಿನಗೆ ಕೇಳಲ್ವಾ ಎಂದು ಮಾವ ಕೇಳುತ್ತಿದ್ದರು. ನಮ್ಮವರು ಕಿಟಕಿಯೇರಿಸಿ, ರೇಡಿಯೋ ಆರಿಸಿ, ಕಿವಿಗೊಟ್ಟು ಓಡಿಸಿದರು. ಯಾವುದೋ ಸದ್ದು ಕೇಳಿತು ಅಂದರು. ಹುಡುಕುವವರಿಗೆ ಆ ಗಾಡಿಯಲ್ಲಿ ಸದ್ದಿಗೇನು ಬರವೇ. ಗ್ಯಾರೇಜಿನವನ ಹತ್ತಿರ ಮಾತಿಗೆ ಮಾತು ಬೆಳೆದು, ಕಂಪನಿಯ ಮೇಲಿನವರಿಗೆ ಫೋನು ಹೋಗಿ, ಕೊನೆಗೆ ಆ ಜರಡಿಯನ್ನೇ ಹೊಸದು ಹಾಕಿದರು. ನಮ್ಮವರು ಯುದ್ಧ ಗೆದ್ದವರ ಹಾಗೆ ಮನೆಗೆ ಬಂದು, ಅಪ್ಪಾ, ಹೊಸದೇ ಹಾಕಿಸಿದೆ, ಇನ್ನು ತೊಂದರೆ ಇಲ್ಲ ಅಂದರು.

ಮಾವ ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

"ಹೌದಾ," ಅಂದರು. "ಒಳ್ಳೇದಾಯ್ತು ಬಿಡು."

ಆಮೇಲೆ ಅವರು ಗಾಡಿಯ ದೂರು ಹೇಳಲಿಲ್ಲ. ನಮ್ಮವರಿಗೆ ಸಮಾಧಾನವಾಯಿತು. ಭಾನುವಾರ ಮಾವನಿಗೆ ಬೂಟಿನ ಲೇಸು ಕಟ್ಟಿಕೊಳ್ಳುವುದಕ್ಕೆ ಬಹಳ ಹೊತ್ತು ಹಿಡಿಯುತ್ತಿದ್ದುದನ್ನು ನಾನು ನೋಡಿದೆ, ವಯಸ್ಸು ಅಂದುಕೊಂಡೆ. ಕೆಮ್ಮು ಅವರಿಗೆ ಮೊದಲಿನಿಂದಲೂ ಇತ್ತು.

ಊರಿಗೆಲ್ಲ ಲಿಫ್ಟ್ ಮಾರುವವರ ಮನೆಗೆ ಲಿಫ್ಟ್ ಇರಲಿಲ್ಲ. ನಾವಿದ್ದದ್ದು ಹಳೆಯ ಕಟ್ಟಡದ ಮೇಲಿನ ಅಂತಸ್ತಿನಲ್ಲಿ. ಒಂದು ಸಂಜೆ ಲ್ಯಾಬಿನಿಂದ ಬರುತ್ತ ನೋಡುತ್ತೇನೆ, ಮಾವ ಮೆಟ್ಟಿಲಿನ ಅರ್ಧದಲ್ಲಿ ಕೂತಿದ್ದಾರೆ. ಪಕ್ಕದಲ್ಲಿ ಹಾಲು, ಬ್ರೆಡ್ಡು ಇದ್ದ ಚೀಲ. ಬಾಯಿ ತೆರೆದಿದೆ, ಭುಜ ಏರಿಳಿಯುತ್ತಿದೆ, ತುಟಿ ಬೂದಿ ಬಣ್ಣಕ್ಕೆ ತಿರುಗಿದೆ. ಎಷ್ಟು ಹೊತ್ತಿನಿಂದ ಕೂತಿದ್ದರೋ, ಹಾಲಿನ ಪೊಟ್ಟಣ ತಣ್ಣಗಿರಲಿಲ್ಲ. ನಾನು ಕೆಳಗಿನ ಮೆಟ್ಟಿಲಲ್ಲಿ ಕೂತು, ಏನಾಯಿತು ಮಾವ ಎಂದು ಕೇಳಿದೆ.

ಅವರು ಉಸಿರು ಕೂಡಿಸಿಕೊಂಡರು. "ಏರಿನಲ್ಲಿ ಎಳೀತಿಲ್ಲಮ್ಮ," ಅಂದರು.

ಗಾಡಿ ಆಗ ಊರ ಇನ್ನೊಂದು ತುದಿಯಲ್ಲಿ, ನಮ್ಮವರ ಆಫೀಸಿನ ಕೆಳಗೆ ನಿಂತಿತ್ತು. ಹತ್ತಿರ ಬಾಗಿದಾಗ ಅವರ ಎದೆಯೊಳಗಿಂದ ಆ ಸೀಟಿ ಸದ್ದು ಬಂತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು, ಎದೆಯಿಂದ ನೀರು ತೆಗೆದರು. ಶ್ವಾಸಕೋಶದಲ್ಲಿ ಶುರುವಾದ ಕ್ಯಾನ್ಸರ್ ಬೇರೆ ಕಡೆಗೂ ಹಬ್ಬಿದೆ ಎಂದು ಡಾಕ್ಟರು ಹೇಳಿದರು. ಕೆಲವು ತಿಂಗಳ ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದೂ ಅಂದರು. ಆ ಮಾತನ್ನು ಅವರು ನುಂಗಿಕೊಳ್ಳಬಹುದಿತ್ತು. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತಾಗ ನಮ್ಮವರು, ಅಪ್ಪ ನನಗೊಂದು ಮಾತು ಹೇಳಲೇ ಇಲ್ಲವಲ್ಲ ಎಂದು ಹೇಳಿದ್ದನ್ನೇ ಹೇಳುತ್ತಿದ್ದರು. ಕೇಳಿ ಕೇಳಿ ನನಗೆ ತಡೆಯಲಾಗಲಿಲ್ಲ.

"ಹೇಳಿದ್ರು ರೀ. ವಾರ ವಾರ ಹೇಳಿದ್ರು. ನೀವು ಗಾಡಿ ರಿಪೇರಿ ಮಾಡಿಸಿದ್ರಿ."

ಅವರು ನನ್ನನ್ನು ನೋಡಿದರು. ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ, ಎದ್ದು ನೀರು ತರಲು ಹೋದೆ. ಆ ಮಾತು ಆಡಬಾರದಿತ್ತೆಂದು ನನ್ನ ತಂಗಿ ಈಗಲೂ ಅನ್ನುತ್ತಾಳೆ. ಯಾರಾದರೂ ಆಡಲೇಬೇಕಿತ್ತು. ಆ ಮನೆಯಲ್ಲಿ ಬಾಯಿದ್ದವಳು ನಾನೊಬ್ಬಳೇ.

ಮಾವ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ದಿನದಿಂದ ದಿನಕ್ಕೆ ಇಳಿದುಹೋದರು. ಮಧ್ಯಾಹ್ನ ನೋಡಲು ಬಿಡುವ ಹೊತ್ತಿಗೆ ನಾವಿಬ್ಬರೂ ಹೋಗುತ್ತಿದ್ದೆವು. ನಾನೇ ಮಾಡಿಕೊಟ್ಟಿದ್ದ ಹಲ್ಲಿನ ಸೆಟ್ಟು ಮಂಚದ ಪಕ್ಕದ ಲೋಟದಲ್ಲಿತ್ತು. ಅದಿಲ್ಲದೆ ಅವರ ಕೆನ್ನೆ ಒಳಕ್ಕೆ ಹೋಗಿ ಬೇರೆ ಯಾರೋ ಮಲಗಿದ ಹಾಗೆ ಕಾಣುತ್ತಿತ್ತು. ಅಷ್ಟಾದರೂ ಇಬ್ಬರದು ಅದೇ ಪುರಾಣ. ಗಾಡಿ ಹೇಗೆ ಓಡುತ್ತಿದೆ. ಚೆನ್ನಾಗಿ ಓಡುತ್ತಿದೆ. ದೀಪ ಹತ್ತಿತಾ. ಹತ್ತಿಲ್ಲ. ಎಲ್ಲ ಗೊತ್ತಿದ್ದೂ, ಗೊತ್ತಿದೆಯೆಂದು ಇಬ್ಬರಿಗೂ ಗೊತ್ತಿದ್ದೂ, ಹೀಗೆ. ಎದ್ದು ಇಬ್ಬರ ತಲೆಯನ್ನೂ ಒಂದಕ್ಕೊಂದು ಕುಟ್ಟಬೇಕು ಅನಿಸುತ್ತಿತ್ತು. ಮನೆಗೆ ಹೋಗಿ ಅಳುತ್ತಿದ್ದೆ.

ಕೊನೆಯ ದಿನ ಹಾಗಾಗಲಿಲ್ಲ. ಮಾವ ಗಾಡಿಯ ಹೆಸರೆತ್ತದೆ, ಮಗನ ಕಡೆ ತಿರುಗಿ ಹೇಳಿದರು.

"ನಂಗೆ ಹೆದ್ರಿಕೆ ಆಗ್ತಿದೆ ಕಣೋ."

ಅವರ ಬಾಯಲ್ಲಿ ನಾನು ಅಂಥ ಮಾತು ಕೇಳಿದ್ದು ಅದೇ ಮೊದಲು. ನಾನು ನಮ್ಮವರ ಕಡೆ ನೋಡಿದೆ. ಏನಾದರೂ ಅನ್ನಿ, ಸುಮ್ಮನೆ ಕೈಯಾದರೂ ಹಿಡಿಯಿರಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಎದ್ದು ನಿಂತು ಜೇಬು ತಡಕಿದರು. ಗಾಡಿ ಯಾರದೋ ಗೇಟಿಗೆ ಅಡ್ಡ ನಿಲ್ಲಿಸಿದ್ದೇನೆ, ತೆಗೆದು ಬರುತ್ತೇನೆ ಎಂದು ಹೊರಗೆ ಹೋದರು. ಗಾಡಿಯನ್ನು ನಿಲ್ಲಿಸುವ ಜಾಗದಲ್ಲೇ ನಿಲ್ಲಿಸಿದ್ದೆವು.

ಮಾವ ಬಾಗಿಲನ್ನೇ ನೋಡುತ್ತಿದ್ದರು. ಈಗ ಬರುತ್ತಾರೆ ಮಾವ ಅಂದೆ.

"ಬರಲ್ಲಮ್ಮ," ಅಂದರು. "ಅವನನ್ನ ಹಾಗೆ ಬೆಳೆಸಿದ್ದು ನಾನೇ."

ನಾನು ಮೆಟ್ಟಿಲಿಳಿದು ಓಡಿದೆ. ನಮ್ಮವರು ಗಾಡಿಯಲ್ಲಿ ಕೂತಿದ್ದರು. ಎಂಜಿನ್ ಚಾಲೂ ಇತ್ತು, ಕೈ ಸ್ಟೀರಿಂಗ್ ಮೇಲಿತ್ತು, ಎದುರಿಗೆ ಗೋಡೆ. ಬಾಗಿಲು ತೆಗೆದು ಪಕ್ಕದಲ್ಲಿ ಕೂತೆ. ಮಾವ ಕೂರುತ್ತಿದ್ದ ಸೀಟು. ಹಿಂದಕ್ಕೆ ಸರಿಸಿದ್ದು ಹಾಗೇ ಇತ್ತು, ನನ್ನ ಕಾಲು ಎಲ್ಲಿಗೂ ಎಟುಕಲಿಲ್ಲ. ಯಾವ ಚಿಂತೆಯೂ ಇಲ್ಲದೆ ಅಷ್ಟು ಚೆಂದವಾಗಿ ಹೊಳೆಯುತ್ತಿದ್ದ ಆ ಗಾಡಿಯನ್ನು ಅಲ್ಲೇ ಗೋಡೆಗೆ ಗುದ್ದಿಬಿಡಬೇಕು ಅನಿಸಿತು. ಕೀಲಿ ತಿರುಗಿಸಿ ಆರಿಸಿದೆ.

"ಅವರಿಗೆ ಹೆದ್ರಿಕೆ ಆಗಿದೆ. ನಿಮಗೂ ಆಗಿದೆ," ಅಂದೆ. "ಇಬ್ರೂ ಒಂದೇ ರೂಮಲ್ಲಿ ಕೂತು ಹೆದ್ರಿಕೊಳ್ಳಿ. ನಡೀರಿ ಮೇಲೆ."

ಅವರು ಮಗುವಿನ ಹಾಗೆ ನನ್ನ ಹಿಂದೆ ಬಂದರು. ನಾವು ಮೇಲೆ ತಲುಪುವಷ್ಟರಲ್ಲಿ ಮಂಚದ ಸುತ್ತ ಜನ. ಮಾವನ ಮೂಗುಬಾಯಿಗೆ ಮಾಸ್ಕ್ ಹಾಕಿದ್ದರು, ಕಣ್ಣು ಅರ್ಧ ಮುಚ್ಚಿತ್ತು. ಇನ್ನು ಮಾತಾಡಿಸಿ ಆಯಾಸ ಮಾಡಬೇಡಿ, ಅವರಿಗೆ ಉತ್ತರ ಕೊಡಲಾಗುವುದಿಲ್ಲ ಎಂದು ಸಿಸ್ಟರ್ ಹೇಳಿದರು. ಬೇಕಾದರೆ ಹತ್ತಿರ ಕೂತಿರಿ ಅಂದರು.

ನಮ್ಮವರು ಕುರ್ಚಿಯನ್ನು ಮಂಚಕ್ಕೆ ತಾಗಿಸಿ ಕೂತು ಅಪ್ಪನ ಕೈ ಹಿಡಿದರು. ನನಗೂ ಹೆದರಿಕೆ ಆಗಿದೆ ಅಪ್ಪಾ ಅಂದರು. ಅಲ್ಲಿಂದ ಶುರುವಾಯಿತು. ಅಮ್ಮ ಹೋದ ದಿನ ನೀವು ಡ್ಯೂಟಿಗೆ ಹೋದಿರಲ್ಲ, ಅವತ್ತಿನಿಂದ ಕೋಪ ಇತ್ತು ಅಂದರು. ಚಿಕ್ಕವನಿದ್ದಾಗ ನಿಮ್ಮ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದಿರಿ, ಅಷ್ಟು ಸುಖ ಆಮೇಲೆ ಯಾವತ್ತೂ ಆಗಲಿಲ್ಲ ಅಂದರು. ಹುಟ್ಟದೆ ಹೋದ ನಮ್ಮ ಮಗುವಿಗೆ ಇಡಬೇಕೆಂದಿದ್ದ ಹೆಸರನ್ನು ಹೇಳಿದರು. ಆ ಹೆಸರು ನನಗೂ ಗೊತ್ತಿರಲಿಲ್ಲ. ನಾನು ಗೋಡೆಗೆ ಒರಗಿ ನಿಂತು ಕೇಳಿದೆ. ಮಾವನಿಗೆ ಅದರಲ್ಲಿ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಎಲ್ಲ ಕೇಳಿಸಿತು ಎಂದು ಹೇಳಿಕೊಳ್ಳುವ ಆಸೆ ನನಗೂ ಇದೆ, ಆದರೆ ಅವರ ಕೈ ಒಮ್ಮೆಯೂ ಅಲುಗಿದ್ದನ್ನು ನಾನು ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಸಿಸ್ಟರ್ ಬಂದು ಮಾವನ ಕತ್ತು ಮುಟ್ಟಿ ನೋಡಿದರು, ಡಾಕ್ಟರನ್ನು ಕರೆದರು. ಅವರೂ ನೋಡಿ ನನ್ನ ಕಡೆ ತಿರುಗಿ ಇಲ್ಲ ಎಂದು ತಲೆಯಾಡಿಸಿದರು. ಸಿಸ್ಟರ್ ಮಾಸ್ಕ್ ತೆಗೆಯಲು ಕೈ ಚಾಚಿದರು. ನಮ್ಮವರು ಇನ್ನೊಂದು ಕೈಯಿಂದ ಅವರನ್ನು ತಡೆದರು.

"ಒಂದು ನಿಮಿಷ ಸಿಸ್ಟರ್," ಅಂದರು. "ಇನ್ನೂ ಹೇಳಿ ಮುಗಿದಿಲ್ಲ."