ನಾಲ್ಕನೆಯ ಬೋಲ್ಟು

"ತಡೀತದಾ?"

ಕೋದಂಡಪ್ಪ ಕೇಳಿದ್ದು ಹೆಂಡತಿಯನ್ನಲ್ಲ. ಅವಳು ಹಿಂದೆಯೇ ಜಗುಲಿಯ ಮೇಲೆ ರಾಗಿ ಕೇರುತ್ತ ಕೂತಿದ್ದಾಳೆಂಬುದೂ ಅವನಿಗೆ ನೆನಪಿದ್ದಂತಿರಲಿಲ್ಲ. ಗಾಡಿಯ ಹಿಂದಿನ ಬಲಮೂಲೆಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಹಾರೆಯ ತುದಿಯಿಂದ ಮರದ ದಿಮ್ಮಿಯನ್ನು ಎರಡು ಸಲ ತಟ್ಟಿ ಕಿವಿಯೊಡ್ಡಿದ. ಗಣಿಗೆ ಇಳಿಯುವವರೆಲ್ಲ ಹಾಗೆಯೇ. ತಲೆಯ ಮೇಲಿನ ಬಂಡೆಯನ್ನು ತಟ್ಟಿ ನೋಡದೆ ಅದರ ಕೆಳಗೆ ಕಾಲಿಡುವುದಿಲ್ಲ. ಗಟ್ಟಿ ಬಂಡೆ ಗುಡಿಯ ಗಂಟೆಯ ಹಾಗೆ ನುಡಿಯುತ್ತದೆ. ಒಳಗೊಳಗೇ ಬಿಟ್ಟುಕೊಂಡದ್ದು ಖಾಲಿ ಗುಡಾಣದ ಹಾಗೆ. ದಿಮ್ಮಿ ಗಟ್ಟಿಯಾಗಿಯೇ ನುಡಿಯಿತು. ಆದರೂ ಅವನು ಇನ್ನೊಂದು ಸಲ ತಟ್ಟಿದ.

ಹೊಂಗೆಮರದ ಕೆಳಗೆ ಆ ಪಿಕಪ್ಪು ಗಾಡಿ ಚಕ್ರ ನೆಲ ಮುಟ್ಟದಂತೆ ನಾಲ್ಕು ದಿಮ್ಮಿಕಟ್ಟುಗಳ ಮೇಲೆ ನಿಂತಿತ್ತು. ಅಡ್ಡ ಎರಡು, ಉದ್ದ ಎರಡು, ಮತ್ತೆ ಅಡ್ಡ ಎರಡು; ಸಂದಿಗೆಲ್ಲ ಬೆಣೆ. ಪಾತಾಳದಲ್ಲಿ ಬಂಡೆಗೆ ಆನಿಕೆ ಕೊಡಲು ಕಟ್ಟುವ ಹಾಗೆಯೇ ಕಟ್ಟಿದ್ದ. ಹದಿನಾಲ್ಕು ವರ್ಷ ಅವನು ಚಿನ್ನದ ಗಣಿಯಲ್ಲಿ ಮಾಡಿದ್ದು ಅದೇ ಕೆಲಸ. ಪಕ್ಕದ ಮನೆಯ ಪಾಪಕ್ಕ ಮೊದಲ ದಿನವೇ ಬೇಲಿಯಾಚೆಯಿಂದ ಆಡಿಕೊಂಡಿದ್ದಳು: "ಏನ್ಲಾ ಕೋದಂಡ, ನಮ್ಮೂರ ದ್ಯಾವ್ರಿಗೂ ಇಂಥಾ ಪೀಠ ಇಲ್ವಲ್ಲಾ! ನಾಳೀಕೆ ಗಾಡೀಗೇ ಮಂಗಳಾರತಿ ಎತ್ತೀಯಾ ಎಂಗೆ?"

ಯುದ್ಧದ ಕಾಲದ ಡಾಡ್ಜ್ ಅದು. ಗಣಿ ಸರ್ಕಾರದ ಕೈಗೆ ಬಂದ ಮೇಲೆ ಒಬ್ಬ ದೊರೆ ತನ್ನ ದೇಶಕ್ಕೆ ಹೊರಟಾಗ ಬಂಗಲೆಯ ಹಿಂದೆ ಬಿಟ್ಟುಹೋದದ್ದು. ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಕೋದಂಡಪ್ಪ ಗಣಿಯವರು ಕೊಟ್ಟ ಪರಿಹಾರವನ್ನೆಲ್ಲ ಅದಕ್ಕೆ ಸುರಿದು, ಎರಡು ಜೊತೆ ಎತ್ತು ಹೂಡಿ ಕ್ಯಾಸಂಬಳ್ಳಿ ರಸ್ತೆಯುದ್ದಕ್ಕೂ ಎಳೆಸಿಕೊಂಡು ಬಂದಿದ್ದ. ಆಗ ಬಾಗಿಲು ತೆರೆದರೆ ತುಕ್ಕು ರಾಗಿಹಿಟ್ಟಿನಂತೆ ಉದುರುತ್ತಿತ್ತು. ಏಳು ತಿಂಗಳು ಗಂಡಹೆಂಡತಿ ಸೇರಿ ಉಜ್ಜಿದರು. ಹಿಂದಿನ ತೊಟ್ಟಿಯನ್ನು ಕಿತ್ತು ಮತ್ತಿಮರದ ಹಲಗೆಯಲ್ಲಿ ಒಂದು ಮೊಳ ಹೆಚ್ಚಿಗೆ ಉದ್ದವಾಗಿ ಕಟ್ಟಿದ. ಹಾಲಿನ ಕ್ಯಾನು ಉರುಳದಂತೆ ನಡುವೆ ಕಂಬಿ ಹಾಕಿಸಿದ, ಟಾರ್ಪಾಲಿಗೆ ಕಮಾನು ಬಗ್ಗಿಸಿದ. ಸೀಟಿಗೆ ಹೆಂಡತಿ ಕದಿರಮ್ಮ ತೆಂಗಿನ ನಾರು ತುಂಬಿ ದಬ್ಬಳದಲ್ಲಿ ಹೊಲಿದಳು. ನವಿಲುಬಣ್ಣ ಬಳಿದದ್ದು ಅವಳ ಇಷ್ಟಕ್ಕೆ. ಎಂಜಿನ್ನನ್ನು ಬಿಚ್ಚಿ ಜೋಡಿಸಿದವನು ರಾಬರ್ಟ್‌ಸನ್‌ಪೇಟೆಯ ಫಿಟ್ಟರ್ ಕುಪ್ಪುಸ್ವಾಮಿ. ತನ್ನ ರಜದ ದಿನಗಳಲ್ಲಿ ಸೈಕಲ್ ತುಳಿದು ಬರುತ್ತಿದ್ದ. "ಎಂಜಿನ್ ಸೌಂಡು ಕೇಳು ಕೋದಂಡಣ್ಣೇ, ಕಲ್ಯಾಣಕ್ಕೆ ನಿಂತ ಮಾಪ್ಳೆ ಮಾದಿರಿ ಐತೆ," ಎಂದು ನಗುತ್ತಿದ್ದ. "ಇನ್ನು ನಿನ್ನ ಎದೆ ತಾನ್ ರಿಪೇರಿ ಮಾಡ್ಬೇಕು."

ಕುಪ್ಪುಸ್ವಾಮಿಗೆ ನಾಲ್ಕು ದಿನದಿಂದ ಜ್ವರ. ಉಳಿದಿದ್ದದ್ದು ಒಂದೇ ಕೆಲಸ. ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಓಟ ಕೊಡುವ ಉದ್ದನೆಯ ಕಬ್ಬಿಣದ ದಂಡವನ್ನು ಮುಂದಿನ ತುದಿಯಲ್ಲಿ ಅವನೇ ಕೂಡಿಸಿ, ಹಿಂದಿನ ತುದಿಯನ್ನು ಹಗ್ಗದಲ್ಲಿ ಕಟ್ಟಿ ತೂಗುಬಿಟ್ಟು ಹೋಗಿದ್ದ. ಅಲ್ಲಿಗೆ ನಾಲ್ಕು ಬೋಲ್ಟು ಬಿಗಿದರೆ ಗಾಡಿ ಓಡುತ್ತದೆ. ಬಿಗಿಯಬೇಕಾದರೆ ಗಾಡಿಯ ಕೆಳಗೆ ಅಂಗಾತ ಮಲಗಬೇಕು.

ಹೋದ ವರ್ಷ ಗಣಿಯಲ್ಲಿ ಏರ್‌ಬ್ಲಾಸ್ಟ್ ಆಗಿ ಬಂಡೆ ಸಿಡಿದು ಕುಸಿದಾಗ ಕೋದಂಡಪ್ಪ ಹತ್ತೊಂಬತ್ತು ಗಂಟೆ ಒಳಗೆ ಸಿಕ್ಕಿಬಿದ್ದಿದ್ದ. ಎದೆಯಿಂದ ಒಂದು ಗೇಣು ಮೇಲಕ್ಕೆ ಬಂಡೆ. ಊರಿನ ರಾಮದೇವರ ಗುಡಿಯಲ್ಲಿ ಶನಿವಾರ ಶನಿವಾರ ಪದ್ಯ ಓದುತ್ತಿದ್ದವನು ಅವನು. ಬಾಯಿಗೆ ಬರುತ್ತಿದ್ದ ಪದ್ಯಗಳನ್ನೆಲ್ಲ ಆ ಕತ್ತಲಲ್ಲಿ ಹೇಳಿ ಮುಗಿಸಿ, ಮತ್ತೆ ಮೊದಲಿನಿಂದ ಹೇಳಿ, ಮೂರನೆಯ ಸಲ ಅರ್ಧಕ್ಕೆ ಬಂದಾಗ ಗಂಟಲು ನಿಂತಿತು. ಆಮೇಲೆ ಕೈಗೆ ಸಿಕ್ಕ ಕಲ್ಲಿನಿಂದ ಬಂಡೆಯನ್ನು ತಟ್ಟಿದ. ಆ ಸದ್ದಿಗೆ ಕಿವಿಗೊಟ್ಟು, ಎಲ್ಲರೂ ಬೇಡವೆಂದರೂ ಕೇಳದೆ ನುಗ್ಗಿ ಎಳೆದು ತಂದವನು ವೆಂಕಟೇಶಪ್ಪ ಮೇಸ್ತ್ರಿ. ಅಂದಿನಿಂದ ಕೋದಂಡಪ್ಪ ಸೂರಿನ ಕೆಳಗೆ ಮಲಗಿಲ್ಲ. ಮಾಗಿಯ ಚಳಿಯಲ್ಲೂ ಅಂಗಳದಲ್ಲೇ. ಗುಡಿಯ ಕಡೆಗೂ ಹೋಗಿಲ್ಲ. ನೆಲದ ಮೇಲೆಯೇ, ಗಣಿಯ ಮರದ ಡಿಪೋದಲ್ಲಿ ಹಗುರ ಕೆಲಸ ಕೊಟ್ಟಿದ್ದರು. ಹೋದ ವಾರ ಡಾಕ್ಟರು ಎದೆಗೆ ಕೊಳವೆಯಿಟ್ಟು ನೋಡಿ, ಎಲ್ಲ ಸರಿಯಾಗಿದೆಯೆಂದು ಚೀಟಿ ಬರೆದರು. ನಾಳೆ ಬೆಳಗಿನ ಪಾಳಿಗೆ ಅವನು ಮತ್ತೆ ಕಬ್ಬಿಣದ ಕೇಜಿನಲ್ಲಿ ನಿಂತು ಗಣಿಯ ಶಾಫ್ಟಿಗೆ ಇಳಿಯಬೇಕು. ಇಲ್ಲವಾದರೆ ನಾಳೆ ಬೆಳಗ್ಗೆ ಈ ಗಾಡಿ ಕ್ಯಾಸಂಬಳ್ಳಿಯಿಂದ ಹಾಲು ತುಂಬಿಕೊಂಡು ಬಂಗಾರಪೇಟೆ ಸ್ಟೇಷನ್ನಿಗೆ ಹೋಗಬೇಕು. ಎರಡರಲ್ಲಿ ಒಂದು. ಡಾಕ್ಟರ ಚೀಟಿಯನ್ನು ಕದಿರಮ್ಮ ದೇವರ ಪಟದ ಹಿಂದೆ ಸಿಕ್ಕಿಸಿದ್ದಳು. ದೇವರೇ ಅದನ್ನು ಏನಾದರೂ ಮಾಡಲಿ ಎಂಬಂತೆ.

ಕೋದಂಡಪ್ಪ ಗೋಣಿ ಹಾಸಿ, ಮಲಗಿ, ತಲೆಯನ್ನು ಗಾಡಿಯ ಕೆಳಗೆ ತೂರಿಸಿದ. ಭುಜದವರೆಗೆ ಹೋಯಿತು. ಅಷ್ಟರಲ್ಲಿ ಕಾಲುಗಳು ತಾವಾಗಿಯೇ ನೆಲವನ್ನು ಒದೆಯತೊಡಗಿದವು. ಹೊರಗೆ ಬಂದಾಗ ಅಂಗಿ ಬೆವರಿಗೆ ಅಂಟಿತ್ತು. ಬೆಳಗಿನಿಂದ ಇದು ಮೂರನೆಯ ಸಲ.

ಕದಿರಮ್ಮ ಮೊರವನ್ನು ಕೆಳಗಿಟ್ಟಳು. "ಸ್ಪಾನರು ಕೊಡಿಲ್ಲಿ. ನಾ ಓಗ್ತೀನಿ."

"ನಿಂಗೇನು ಉಚ್ಚಾ?"

"ನಂಗೆ ಉಚ್ಚೋ, ನಿಂಗೆ ಜರವೋ. ನಾಳೀಕೆ ಕೇಜಲ್ಲಿ ನಿಂತ್ಕೊಂಡು ಇಳೀತೀಯಾ? ಇಳಿಯೋ ಅಂಗಿದ್ರೆ ಏಳು, ಬುತ್ತಿ ಕಟ್ಟಿಕೊಡ್ತೀನಿ."

ಅವನು ಸ್ಪಾನರನ್ನು ಅವಳ ಕಡೆ ಚಾಚಿದ. ಅವಳು ಸೀರೆಯನ್ನು ಕಚ್ಚೆ ಹಾಕಿ, ಸೆರಗನ್ನು ತಲೆಗೆ ಸುತ್ತಿ, ಗೋಣಿಯ ಮೇಲೆ ಮಲಗಿ ಒಳಗೆ ಜರುಗಿದಳು. ಒಳಗೆ ಗ್ರೀಸಿನ ವಾಸನೆ. ಮೂಗಿನ ಮೇಲೆಯೇ ಕಬ್ಬಿಣ. ತನಗೂ ಭಯವಾದದ್ದು ಗಂಡನಿಗೆ ತಿಳಿಯಬಾರದೆಂದು ಬಾಯಿ ಮುಚ್ಚಿ ಉಸಿರಾಡಿದಳು. ಅಲ್ಲಿಂದ ಕಾಣುತ್ತಿದ್ದದ್ದು ಅವನ ಪಾದಗಳು ಮಾತ್ರ.

"ಎಡಗೈಯಲ್ಲಿ ದಂಡ ಮೇಕೆತ್ತು," ಎಂದ ಅವನು ಹೊರಗಿನಿಂದ. "ತೂತಿಗೆ ತೂತು ಕೂಡ್ತಾ?"

"ಕೂಡ್ತು."

"ಬೋಲ್ಟು ಮುಂದ್ಕಡೆಯಿಂದ ಇಕ್ಕು. ಹಿಂದ್ಕಡೆ ನಟ್ಟು. ಮದ್ಲು ಬೆರಳಲ್ಲೇ ತಿರುವು."

"ತಿರುವ್ದೆ."

ಗುಡಿಯಲ್ಲಿ ಓದುತ್ತಿದ್ದಾಗಿನ ಹಾಗೆ ಅವನ ದನಿ ಒಂದು ಲಯಕ್ಕೆ ಬಂದಿತ್ತು. ಅವನು ಒಂದು ಸಾಲು ಹೇಳುವುದು, ಇವಳು ಅದನ್ನು ಎತ್ತಿಕೊಳ್ಳುವುದು. ಎರಡು ಬೋಲ್ಟು ಹಾಗೆ ಮುಗಿದವು. ಮೂರನೆಯದನ್ನು ತಿರುವುತ್ತಿದ್ದಾಗ, ಕಂಬದ ಹಿಂದೆ ಕೂತು ಎಷ್ಟೋ ಶನಿವಾರ ಕೇಳಿದ್ದ ಒಂದು ಪದ್ಯ ಅವಳ ಬಾಯಿಗೆ ತಾನಾಗಿ ಬಂತು. ಒಂದು ಸಾಲು ಗುನುಗಿದಳಷ್ಟೆ.

"ಬ್ಯಾಡ," ಎಂದ ಅವನು. "ಅದೊಂದು ಬ್ಯಾಡ ಕದಿರೀ."

ಅವಳು ಪದ್ಯ ನಿಲ್ಲಿಸಿ, ಮೂರನೆಯದನ್ನು ಬಿಗಿದು ಮುಗಿಸಿದಳು.

ಆಗಲೇ ನೆಲ ಮಿಡಿಯಿತು. ಮೊದಲು ಬೆನ್ನಿನ ಕೆಳಗೆ ಯಾರೋ ಗುದ್ದಿದಂತಾಯಿತು, ಆಮೇಲೆ ಸದ್ದು. ಮನೆಯೊಳಗೆ ಪಾತ್ರೆಗಳು ಗಲಗಲನೆ ಅಲುಗಿದವು. ಗಾಡಿ ಒಮ್ಮೆ ನರಳಿ ಎಡಕ್ಕೂ ಬಲಕ್ಕೂ ತೂಗಿತು; ಒಣಮಣ್ಣು ಅವಳ ಕಣ್ಣಿಗೆ, ಬಾಯಿಗೆ ಉದುರಿತು. ಅವಳು ಅಲುಗಲಿಲ್ಲ. ಮಣ್ಣು ತುಂಬಿದ ಕಣ್ಣಿನಲ್ಲೇ ಗಂಡನ ಪಾದಗಳಿಗಾಗಿ ನೋಡಿದಳು. ಅವು ತಿರುಗಿದವು. ಓಡಿದವು. ಅಂಗಳ ದಾಟಿ, ಬೇಲಿ ದಾಟಿ ಕಾಣದಾದವು.

ಬಲಗೈ ದಿಮ್ಮಿಕಟ್ಟನ್ನು ಹಿಡಿದಿತ್ತು. ಮರ ಕಿರ್ರೆಂದು ಕೂತುಕೊಂಡಿತು, ಮತ್ತೆ ಸುಮ್ಮನಾಯಿತು. ಒಂದು ಬೆಣೆಯೂ ಜಾರಿರಲಿಲ್ಲ.

ಅವಳು ಹೊರಗೆ ಬಂದು ಮುಖ ತೊಳೆದುಕೊಂಡಳು. ಚೊಂಬು ಎರಡು ಸಲ ಕೈಜಾರಿ ಬಿತ್ತು. ಕೋದಂಡಪ್ಪ ರಾಗಿಹೊಲದ ಬದುವಿನಲ್ಲಿ ಮೊಣಕಾಲಿಗೆ ತಲೆಯಾನಿಸಿ ಕೂತಿದ್ದ. ಅವಳು ಹತ್ತಿರ ಹೋಗಿ ನಿಂತಳು.

"ಓಡಿಬುಟ್ಟೆ," ಎಂದ ಅವನು, ತಲೆಯೆತ್ತದೆ.

"ನೋಡ್ದೆ."

"ನಿನ್ನ ಬುಟ್ಟು ಓಡಿಬುಟ್ಟೆ ಕಣೇ."

"ನೀ ಕಟ್ಟಿದ್ದು ಅಲ್ಲಾಡ್ನಿಲ್ಲ," ಎಂದಳು ಕದಿರಮ್ಮ. "ಇನ್ನೊಂದೇ ಬೋಲ್ಟು ಐತೆ. ಬಾ."

ಅಷ್ಟರಲ್ಲಿ ಮಾರಿಕುಪ್ಪಂ ದಿಕ್ಕಿನಿಂದ ಗಣಿಯ ಸೈರನ್ ಕೂಗತೊಡಗಿತು. ನೆಲ ನಡುಗುವುದು ಆ ಊರಿನವರಿಗೆ ಹೊಸದಲ್ಲ. ಪಾತ್ರೆ ಅಲುಗಿದರೆ ಹೆಂಗಸರು ಕೈಯ ಕೆಲಸ ನಿಲ್ಲಿಸಿ ಕಾಯುತ್ತಾರೆ. ಸೈರನ್ ಕೂಗದಿದ್ದರೆ ಮತ್ತೆ ಒಲೆಯ ಮುಂದೆ ಕೂರುತ್ತಾರೆ. ಇವತ್ತು ಅದು ಕೂಗಿ ಕೂಗಿ ನಿಲ್ಲಲೇ ಇಲ್ಲ. ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಪಾಪಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅವಳ ಗಂಡ ಮುನಿಸ್ವಾಮಪ್ಪ ಬೆಳಗಿನ ಪಾಳಿಗೆ ಹೋಗಿದ್ದ.

"ಯಾವ ಶಾಫ್ಟೇ ಕದಿರೀ? ಯಾವ್ದಂತೆ?"

"ಗೊತ್ತಿಲ್ಲಕ್ಕ."

ಪಾಪಕ್ಕ, ಬದುವಿನಿಂದ ಎದ್ದು ಬಂದು ಗಾಡಿಯ ಪಕ್ಕ ನಿಂತಿದ್ದ ಕೋದಂಡಪ್ಪನನ್ನು ಒಮ್ಮೆ ನೋಡಿದಳು. ಬರಿಗಾಲಲ್ಲೇ ರಸ್ತೆಯ ಕಡೆಗೆ ನಡೆದಳು. ನಾಲ್ಕು ಹೆಜ್ಜೆಯ ಮೇಲೆ ಓಡತೊಡಗಿದಳು. ಅವಳ ಮನೆಯ ಬಾಗಿಲು ಹಾಗೆಯೇ ತೆರೆದಿತ್ತು.

ಮಧ್ಯಾಹ್ನ ಇಬ್ಬರೂ ಉಣ್ಣಲಿಲ್ಲ. ಕೋದಂಡಪ್ಪ ಸ್ಪಾನರನ್ನು ಕೈಯಲ್ಲಿ ಹಿಡಿದು ಮರಕ್ಕೆ ಒರಗಿ ಕೂತಿದ್ದ. ಕೊನೆಯ ಬೋಲ್ಟು ಅವನ ಮುಂದೆ ಗೋಣಿಯ ಮೇಲಿತ್ತು. ಕದಿರಮ್ಮ ಎರಡು ಸಲ ಒಳಗೆ ಹೋಗುತ್ತೇನೆಂದಳು. ಎರಡು ಸಲವೂ ಅವನು ಅವಳ ಸೆರಗು ಹಿಡಿದು ಕೂರಿಸಿದ. ಅವಳು ಮೊರದಲ್ಲಿ ಬಿಟ್ಟ ರಾಗಿಯನ್ನು ಪಾಪಕ್ಕನ ಕೋಳಿಗಳು ಬಂದು ತಿಂದವು. ಓಡಿಸಲು ಇಬ್ಬರೂ ಏಳಲಿಲ್ಲ.

ಬಿಸಿಲು ಸ್ವಲ್ಪ ವಾಲಿದಾಗ ರಸ್ತೆಯಲ್ಲಿ ಲಾರಿ ನಿಂತ ಸದ್ದಾಯಿತು. ಹಿಂಬದಿಯಲ್ಲಿ ಏಳೆಂಟು ಮಂದಿ ತಲೆಗೆ ಗಣಿಯ ಟೋಪಿ ಹಾಕಿ ನಿಂತಿದ್ದರು. ಇಳಿದು ಬರುತ್ತಿದ್ದವನು ವೆಂಕಟೇಶಪ್ಪ ಮೇಸ್ತ್ರಿ. ಅವನ ಕುಂಟುನಡಿಗೆ ದೂರದಿಂದಲೇ ಗುರುತು ಸಿಗುತ್ತಿತ್ತು.

ಕೋದಂಡಪ್ಪ ಎದ್ದ. ಮನೆಯ ಬಾಗಿಲು ನೋಡಿದ, ಹೊಲದ ಕಡೆ ನೋಡಿದ. ಆಮೇಲೆ ಬೋಲ್ಟನ್ನು ಮುಷ್ಟಿಯಲ್ಲಿ ಹಿಡಿದು ಅಂಗಾತ ಮಲಗಿ, ಹಾವು ಬಿಲ ಸೇರುವ ಹಾಗೆ ಗಾಡಿಯ ಕೆಳಕ್ಕೆ ಜಾರಿದ. ಬೆಳಗಿನಿಂದ ಮೂರು ಸಲ ಭುಜದಾಚೆಗೆ ಹೋಗದಿದ್ದ ಮೈ ಪೂರ್ತಿ ಒಳಗೆ ಹೋಯಿತು. ಹೊರಗುಳಿದದ್ದು ಎರಡು ಪಾದ.

"ಎಲ್ಲಮ್ಮ ಇವ್ನು?" ಎನ್ನುತ್ತ ಬಂದ ವೆಂಕಟೇಶಪ್ಪ, ಪಾದಗಳನ್ನು ಕಂಡು ನಿಂತ. ಅವನ ಮುಖದ ಮೇಲೆಲ್ಲ ಬೂದಿಬಣ್ಣದ ಧೂಳು, ಕಣ್ಣಿನ ಸುತ್ತ ಮಾತ್ರ ಕೆಂಪು. ಗಾಡಿಯನ್ನು, ದಿಮ್ಮಿಕಟ್ಟನ್ನು ನೋಡಿದ. ಅಭ್ಯಾಸದಂತೆ ಬಾಗಿ ಒಂದು ದಿಮ್ಮಿಯನ್ನು ಬೆರಳ ಗೆಣ್ಣಿನಿಂದ ತಟ್ಟಿದ.

"ಇಂಗೆ ಕಟ್ಟೋನು ಇನ್ನೊಬ್ಬ ಇಲ್ಲ ಕಣಮ್ಮ ನಮ್ ಶಾಫ್ಟಲ್ಲಿ," ಎಂದ. ಕುಕ್ಕುರುಗಾಲಲ್ಲಿ ಕೂತು ಪಾದಗಳ ಜೊತೆ ಮಾತಾಡಿದ. "ಕೋದಂಡಾ, ಮೂವರು ಒಳಗವ್ರೆ ಕಣ್ಲಾ. ಯಾರು ಯಾರೂಂತ ಇನ್ನೂ ಗೊತ್ತಾಗಿಲ್ಲ. ದಾರಿ ಮಾಡಾನ ಅಂದ್ರೆ ಮ್ಯಾಲಿಂದ ಸುರೀತಾನೇ ಐತೆ. ಆನಿಕೆ ಕಟ್ಕೊಂಡು ಮೊಳ ಮೊಳ ಓಗ್ಬೇಕು. ಎಂಗೇಂತ ನಿಂಗೊತ್ತು. ಬಾ."

ಕೆಳಗೆ ಸ್ಪಾನರು ಕಬ್ಬಿಣಕ್ಕೆ ತಾಗಿ ತಿರುಗುತ್ತಿದ್ದ ಸದ್ದು ಬಂತು.

"ಒಳಗಿಂದ ತಟ್ತಾವ್ರೆ ಕಣ್ಲಾ. ನನ್ನ ಕಿವಿಯಾರೆ ಕೇಳ್ಕೊಂಡು ಬಂದೆ."

ಸ್ಪಾನರು ನಿಂತಿತು. ಹೊಂಗೆಯ ಎಲೆಯೊಂದು ಗಾಡಿಯ ನೀಲಿ ಬಾನೆಟ್ಟಿನ ಮೇಲೆ ಬಿದ್ದು ಜಾರಿತು. ವೆಂಕಟೇಶಪ್ಪ ಕಾದ. ಸ್ವಲ್ಪ ಹೊತ್ತಿನ ಮೇಲೆ ಸ್ಪಾನರು ಮತ್ತೆ ತಿರುಗತೊಡಗಿತು, ಮೊದಲಿಗಿಂತ ನಿಧಾನವಾಗಿ.

ರಸ್ತೆಯಲ್ಲಿ ಲಾರಿ ಹಾರ್ನ್ ಹೊಡೆಯಿತು. ವೆಂಕಟೇಶಪ್ಪ ಮೊಣಕಾಲಿಗೆ ಕೈಯೂರಿ ಎದ್ದ. ಕದಿರಮ್ಮನ ಕಡೆ ತಿರುಗಿದಾಗ ಅವನ ದನಿ ತಗ್ಗಿತ್ತು. "ಆವತ್ತು ಇವ್ನು ಒಳಗಿದ್ದಾಗ ನೀ ಶಾಫ್ಟಿನ ಗೇಟಲ್ಲಿ ನನ್ನ ಕಾಲು ಹಿಡ್ಕೊಂಡಿದ್ದೆ ತಾಯಿ. ನಾ ಅದ್ನ ಎತ್ತಿ ಆಡಾಕೆ ಬಂದಿಲ್ಲ. ನೀ ಕರುದ್ರೆ ಬತ್ತಾನೆ. ಒಂದ್ಸಲ ಕರಿಯಮ್ಮ."

ಕದಿರಮ್ಮ ಗಂಡನ ಪಾದಗಳನ್ನು ನೋಡಿದಳು. ಆ ದಿನ ಕೇಜಿನಿಂದ ಸ್ಟ್ರೆಚರ್ ಹೊರಗೆ ಬಂದಾಗ ಕಂಬಳಿಯಾಚೆ ಅವಳಿಗೆ ಮೊದಲು ಕಂಡದ್ದು ಇವೇ; ಜೀವವಿದೆಯೋ ಇಲ್ಲವೋ ತಿಳಿಯದೆ, ಹೆಬ್ಬೆರಳು ಅಲುಗುವವರೆಗೆ ಅವನ್ನೇ ನೋಡುತ್ತ ನಿಂತಿದ್ದಳು. ಈಗ ಆ ಹೆಬ್ಬೆರಳು ಎಡೆಬಿಡದೆ ನಡುಗುತ್ತಿತ್ತು. ಬೇಲಿಯಾಚೆ ಪಾಪಕ್ಕನ ಬಾಗಿಲು ಗಾಳಿಗೆ ಒಮ್ಮೆ ಮುಚ್ಚಿ ಮತ್ತೆ ತೆರೆದುಕೊಂಡಿತು.

"ಕರಿಯಲ್ಲಣ್ಣ," ಎಂದಳು ಅವಳು. "ನಾ ಕರಿಯಲ್ಲ."