ಬೇಡ ಅಂದವರು ಯಾರು

"ಕೈ ಎತ್ತು ಅಮ್ಮಿ, ತೋಳು ತೂರಿಸ್ತೀನಿ," ಎಂದಳು ಹುಮೇರಾ.

ಅಕ್ತರ್ ಬೀ ಬಲಗೈ ಎತ್ತಿದಳು. ಎಡಗೈ ಅರ್ಧಕ್ಕೇ ನಿಂತಿತು.

ಅಂದು ಇದ್ದತ್ ಮುಗಿದ ದಿನ. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟದೆ ಮನೆಯಲ್ಲೇ ಕೂರುವ ಶೋಕದ ಕಾಲ ಅದು. ಮುಗಿದ ಮೇಲೆ ಮಕ್ಕಳೋ ತವರಿನವರೋ ಹೊಸ ಬಟ್ಟೆ ತಂದು ಉಡಿಸಿ, ಒಂದು ನಾಲ್ಕು ಹೆಜ್ಜೆ ಹೊರಗೆ ಕರೆದುಕೊಂಡು ಹೋಗಿ ಬರುವುದು ಆ ಮನೆಗಳ ರೂಢಿ. ಹುಮೇರಾ ಅದಕ್ಕೆಂದೇ ಸೊರಬದಿಂದ ಮೊದಲ ಬಸ್ಸಿಗೆ ಶಿಕಾರಿಪುರಕ್ಕೆ ಬಂದಿದ್ದಳು. ತಿಳಿಹಸಿರು ಸೀರೆ, ಹಳೆಯ ಅಳತೆ ಕೊಟ್ಟು ಹೊಲಿಸಿದ ಕುಪ್ಪಸ. ಹೊರಗಿನ ಕೋಣೆಯಲ್ಲಿ ನೆಂಟರು ಚಹಾ ಕುಡಿಯುತ್ತ, ಸತ್ತ ಮುಕ್ತಾರ್ ಅಹಮದರು ತುಂಬಿಕೊಡುತ್ತಿದ್ದ ಹತ್ತಿ ಹಾಸಿಗೆಗಳನ್ನು ಹೊಗಳುತ್ತಿದ್ದರು. ಸತ್ತವರ ಕೈಕೆಲಸಕ್ಕೆ ಯಾವಾಗಲೂ ಬೆಲೆ ಜಾಸ್ತಿ.

"ನಾನೇ ಹಾಕ್ಕೊಳ್ತೀನಿ, ನೀನು ಹೊರಗೆ ಹೋಗು," ಎಂದು ಅಕ್ತರ್ ಬೀ ತಮ್ಮ ಮನೆಯ ಉರ್ದುವಿನಲ್ಲಿ ಗದರಿದಳು. ಹುಮೇರಾ ಹೇಳಿದ ಮಾತು ಕೇಳುವವಳೇ ಅಲ್ಲ, ಚಿಕ್ಕಂದಿನಿಂದಲೂ ಅಲ್ಲ. ತಾಯಿ ಎದೆಗೆ ಅವುಚಿ ಹಿಡಿದಿದ್ದ ಸೆರಗನ್ನು ಸರಿಸಿದಳು. ಎಡಮೊಲೆ ಕೆಂಪೇರಿ, ಗಟ್ಟಿಯಾಗಿ, ಒಂದು ಕಡೆ ಒಳಕ್ಕೆ ಎಳೆದುಕೊಂಡಿತ್ತು. ಕಂಕುಳಲ್ಲೂ ಗಂಟು.

"ಯಾವಾಗಿಂದ ಇದು?"

"ನಿಮ್ಮ ಅಬ್ಬಾ ಇದ್ದಾಗಲೇ ಇತ್ತು. ಕಡಲೆಕಾಳಿನಷ್ಟು."

"ಆಮೇಲೆ?"

"ಇದ್ದತ್ ಮುಗೀಲಿ ಅಂತ ಇದ್ದೆ," ಎಂದಳು ಅಕ್ತರ್ ಬೀ. ವ್ರತ ಕೆಡಿಸಿಕೊಳ್ಳದೆ ಪೂರೈಸಿದವಳ ಸಮಾಧಾನ ಆ ಮಾತಿನಲ್ಲಿತ್ತು. ಮಗಳಿಂದ ಒಂದು ಶಹಬಾಸ್ ಬಂದರೂ ಬರಬಹುದೆಂದು ಅವಳು ಕಾದಂತಿತ್ತು.

ಶಿವಮೊಗ್ಗದ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಹುಮೇರಾ ಒಬ್ಬಳನ್ನೇ ಒಳಗೆ ಕರೆದು ಕೂರಿಸಿಕೊಂಡರು. ಕ್ಯಾನ್ಸರು ಕಂಕುಳ ದಾಟಿದೆ, ನೇರವಾಗಿ ಆಪರೇಷನ್ ಮಾಡುವಂತಿಲ್ಲ, ಮೊದಲು ಕೀಮೋ ಕೊಟ್ಟು ಕುಗ್ಗಿಸಿ ನೋಡಬೇಕು ಎಂದರು. "ಗಂಟು ಚಿಕ್ಕದಿದ್ದಾಗಲೇ ಬಂದಿದ್ದರೆ ಮಾತೇ ಬೇರೆ ಇರ್ತಿತ್ತು. ಯಾಕಮ್ಮ ಇಷ್ಟು ದಿನ ಬಿಟ್ಟಿರಿ?" ಎಂದು ಕೇಳಿದರು. ಬೈಗುಳದಂತೆ ಕೇಳಲಿಲ್ಲ, ನಿಜಕ್ಕೂ ತಿಳಿದುಕೊಳ್ಳಲು ಕೇಳಿದರು. ಹುಮೇರಾಗೂ ಅದೇ ತಿಳಿಯಬೇಕಾಗಿತ್ತು.

ಸಿಟ್ಟು ಇಳಿಸಲು ಒಂದು ತಲೆ ಬೇಕು. ಹುಮೇರಾ ತಲೆ ಹುಡುಕಲು ಹೊರಟಳು.

ಮೊದಲು ಸಿಕ್ಕವನು ತಮ್ಮ ಸುಹೇಲ್. ಬಸ್ ಸ್ಟ್ಯಾಂಡಿನ ಹಿಂದೆ ಅಪ್ಪನ ಹಾಸಿಗೆ ಅಂಗಡಿಯನ್ನು ಈಗ ಅವನೇ ನೋಡಿಕೊಳ್ಳುತ್ತಾನೆ. ಅವನು ಅಬ್ಬಾ ಇದ್ದಾಗಲೇ ಅಮ್ಮಿಯನ್ನು ಪೇಟೆಯ ಡಾಕ್ಟರ ಬಳಿಗೆ ಕರೆದೊಯ್ದಿದ್ದನಂತೆ. "ಬೆನ್ನು ನೋವು ಅಂದಳು ಆಪಾ. ಅವರು ಬೆನ್ನಿಗೆ ಗುಳಿಗೆ ಬರೆದುಕೊಟ್ಟರು. ನನಗೆ ಹೇಗೆ ಗೊತ್ತಾಗಬೇಕು?" ಎಂದು ಹುಡುಗ ಅಳುವುದಕ್ಕೇ ಬಂದ. ಬೆಳೆದ ಮಗ ಪಕ್ಕದಲ್ಲಿ, ಗಂಡಸು ಡಾಕ್ಟರು ಎದುರಿಗೆ. ಅಕ್ತರ್ ಬೀಯಂಥವಳ ಬಾಯಲ್ಲಿ ಎದೆ ಎಂಬ ಮಾತು ಬಂದೀತು ಹೇಗೆ? ಅದಾದ ಮೇಲೆ ಮುಕ್ತಾರ್ ಅಹಮದರಿಗೆ ಲಕ್ವ ಹೊಡೆಯಿತು. ಮನೆಯಲ್ಲಿ ಇಬ್ಬರು ರೋಗಿಗಳು ಏಕಕಾಲಕ್ಕೆ ಮಲಗುವ ಭಾಗ್ಯ ಎಲ್ಲ ಮನೆಗಳಿಗೂ ಇರುವುದಿಲ್ಲ.

ಆಮೇಲೆ ಮಸೀದಿಯ ಪಕ್ಕದ ಮನೆ, ಹಫೀಜ್ ಸಾಹೇಬರದು. ಮೊಹಲ್ಲಾದ ಮಕ್ಕಳಿಗೆಲ್ಲ ಕುರಾನ್ ಓದಲು ಕಲಿಸಿದ ಹಿರಿಯರು, ಹುಮೇರಾಗೂ ಕಲಿಸಿದವರು. ಪರದೆಯ ಈಚೆ ನಿಂತು ಅವಳು ಜಗಳಕ್ಕೆ ಸಜ್ಜಾಗಿಯೇ ಕೇಳಿದಳು. ಅವರು ಗಾಬರಿಯಾದರು.

"ಔಷಧಕ್ಕೆ ಹೋಗಬೇಡ ಅಂತ ಯಾರು ಹೇಳಿದ್ರು ಬೇಟಿ? ಜೀವಕ್ಕೆ ಬಂದಾಗ ಇದ್ದತ್ ಅಡ್ಡ ಬರೋದಿಲ್ಲ. ನನ್ನ ಒಂದು ಮಾತು ಕೇಳಿದ್ರೆ ನಾನೇ ಆಟೋ ಕರೆಸ್ತಿದ್ದೆ."

"ಅಮ್ಮಿಗೆ ಅದು ಗೊತ್ತಿರಲಿಲ್ಲ."

"ಕೇಳಲೇ ಇಲ್ಲವಲ್ಲ," ಎಂದರು ಮುದುಕರು. ಮತ್ತೆ ತಮ್ಮಷ್ಟಕ್ಕೇ, "ನಾನೂ ಹೇಳಲೇ ಇಲ್ಲ," ಎಂದರು. ಜಗಳಕ್ಕೆಂದು ಹೋದವಳು ಅವರಿಗೇ ನೀರು ಕುಡಿಸಿ ಬಂದಳು.

ಉಳಿದದ್ದು ಎದುರುಮನೆ. ಗೊಬ್ಬರದಂಗಡಿ ವೀರಬಸಪ್ಪನವರ ಹೆಂಡತಿ ಜಗದಾಂಬ, ಅಕ್ತರ್ ಬೀಗೆ ಒಡಹುಟ್ಟಿದವಳಂತಿದ್ದವಳು. ಮೂರು ವರ್ಷದ ಹಿಂದೆ ಅವಳಿಗೂ ಇದೇ ರೋಗ ಬಂದಿತ್ತು. ಸ್ನಾನದ ಹೊತ್ತಿಗೆ ಗಂಟು ಕೈಗೆ ಸಿಕ್ಕಿದ್ದೇ ತಡ, ಮಗಳು ವಾಣಿಶ್ರೀಗೆ ಫೋನ್ ಹೋಯಿತು, ಅಳಿಯನ ಗೆಳೆಯ ಡಾಕ್ಟರು ದಿನ ಗೊತ್ತು ಮಾಡಿದರು, ವಾರ ಕಳೆಯುವುದರೊಳಗೆ ಮಂಗಳೂರಿನಲ್ಲಿ ಆಪರೇಷನ್ ಮುಗಿದಿತ್ತು. ಈಗ ಕೂದಲು ಮೊದಲಿಗಿಂತ ದಟ್ಟವಾಗಿ ಬಂದಿದೆ ಎಂದು ಅವಳೇ ತೋರಿಸಿಕೊಳ್ಳುತ್ತಾಳೆ. ಹುಮೇರಾ ಹೋದದ್ದು ಕೀಮೋ ಎಂದರೆ ಏನೇನಾಗುತ್ತದೆ ಎಂದು ಕೇಳಲು. ಜಗದಾಂಬ ಅವಳ ಮುಖ ನೋಡಿದ್ದೇ ಹೊಸಿಲ ಮೇಲೆ ಕುಸಿದು ಕೂತಳು.

"ನಂಗೆ ಗೊತ್ತಿತ್ತಮ್ಮ ಹುಮೇರಾ."

"ಏನು ಗೊತ್ತಿತ್ತು ದೊಡ್ಡಮ್ಮ?"

"ನಿಮ್ಮಪ್ಪ ಹೋಗಿ ತಿಂಗ್ಳು ತುಂಬಿದ್ದಿಲ್ಲ. ಮೊಸ್ರು ಕೊಡಾಕೆ ಬಂದಿದ್ದೆ. ಬಾಗ್ಲು ಹಾಕಿ, ನನ್ ಕೈ ತಗಂಡು ಅಲ್ಲಿ ಇಟ್ಕಂಡ್ಳು. ಮುಟ್ಟಿದ ಕೂಡ್ಲೆ ಎದಿ ಝಲ್ ಅಂತು. ನಂದೂ ಹಂಗೇ ಇತ್ತಲ್ಲ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಳ್ದೆ. ದವಾಖಾನಿಗೆ ತೋರ್ಸು ಅಂದೆ. ಇದ್ದತ್ ಮುಗೀಲಿ ಜಗದಕ್ಕ ಅಂದ್ಳು. ನಿಮ್ಮ ಧರ್ಮದ ವಿಷ್ಯ ಅದು. ನಾನು ಲಿಂಗ ಕಟ್ಟಿದಾಕಿ, ನಿಮ್ ಮನಿ ಶಾಸ್ತ್ರದಾಗೆ ಬಾಯಿ ಹಾಕೋದು ಹೆಂಗೆ? ಈಗಿನ ಕಾಲ್ದಾಗೆ ಒಂದು ಮಾತು ಹೆಚ್ಚುಕಮ್ಮಿ ಆದ್ರೆ ಬೀದಿಗೆಲ್ಲ ಹಬ್ಬತೈತಿ. ಇವರಿಗೆ ಹೇಳಿದ್ರೆ, ನೀ ಸುಮ್ನಿರು ಅಂದ್ರು. ಸುಮ್ನಾದೆ."

"ನಂಗೊಂದು ಫೋನ್ ಮಾಡಬಹುದಿತ್ತು."

"ಮಕ್ಳಿಗೆ ಹೇಳ್ಬ್ಯಾಡ ಅಂತ ಆಣಿ ಹಾಕಿಸ್ಕಂಡಿದ್ಳು."

ಹುಮೇರಾ ಎದ್ದು ಬಂದಳು. ಕೊನೆಗೂ ಒಂದು ತಲೆ ಸಿಕ್ಕಿತ್ತು. ಆದರೆ ಸಿಟ್ಟು ಯಾಕೋ ಅಲ್ಲಿ ನಿಲ್ಲಲೊಲ್ಲದು. ತಮ್ಮ ಧರ್ಮಕ್ಕೆ ಮರ್ಯಾದೆ ಕೊಟ್ಟವಳನ್ನು ಬಯ್ಯುವುದು ಹೇಗೆ? ಬಯ್ಯದೆ ಇರುವುದು ತಾನೆ ಹೇಗೆ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಅಜ್ಜಿಯರು ಆಡಿಕೊಳ್ಳುವ ಮಾತೇ ಆಯಿತು ಇದು. ಇಲ್ಲಿ ಎಷ್ಟು ಜನ ಅಟ್ಟರು, ಯಾರು ಒಲೆ ಆರಿಸಿದರು ಎಂಬುದೇ ತಿಳಿಯುತ್ತಿಲ್ಲ.

ಜಗದಾಂಬ ಹೇಳಿದರೂ ಯಾಕೆ ಹೋಗಲಿಲ್ಲ ಎಂದು ಸಂಜೆ ತಾಯಿಯನ್ನೇ ಕೇಳಿದಳು. ಅಕ್ತರ್ ಬೀ ಬಟಾಣಿ ಸುಲಿಯುತ್ತಿದ್ದಳು.

"ಜಗದಕ್ಕ ಇದನ್ನೆಲ್ಲ ಅನುಭವಿಸಿದವಳು. ಒಂದು ಸಲ ಹೇಳಿ ಸುಮ್ಮನಾದಳು. ಅವಸರದ್ದಾಗಿದ್ದರೆ ಅವಳು ಬಿಡ್ತಿದ್ದಳಾ? ಕಾದರೆ ನಡೆಯುತ್ತೆ ಅಂದುಕೊಂಡೆ," ಎಂದು ಹೇಳಿ, ಒಂದು ಹುಳುಕು ಕಾಳನ್ನು ಪಕ್ಕಕ್ಕೆ ಎಸೆದಳು.

ಮೊದಲ ಕೀಮೋದ ದಿನ ಬೆಳಗ್ಗೆ ಕಾರು ತಗೊಂಡು ಹೋಗಿ ಎಂದು ಜಗದಾಂಬ ಹೇಳಿ ಕಳಿಸಿದಳು. "ಬಸ್ಸಿದೆ," ಎಂದಷ್ಟೇ ಹೇಳಿ ಹುಮೇರಾ ತಾಯಿಯನ್ನು ಆಟೋ ಹತ್ತಿಸಿದಳು. ಶಿವಮೊಗ್ಗದ ಸರ್ಕಾರಿ ಬಸ್ಸಿನಲ್ಲಿ ತಾಯಿಗೆ ಕಿಟಕಿ ಸಿಕ್ಕಿತು, ಮಗಳು ಪಕ್ಕಕ್ಕೆ ಕೂತಳು. ಅಷ್ಟರಲ್ಲಿ ಜಗದಾಂಬ ಏದುಸಿರು ಬಿಡುತ್ತ ಬಂದು ಕಿಟಕಿಯ ಕೆಳಗೆ ನಿಂತಳು. ಮನೆಯಲ್ಲಿ ಉಡುವ ಸೀರೆ, ಬಚ್ಚಲ ಚಪ್ಪಲಿ, ಕೈಯಲ್ಲಿ ಗಂಜಿಯ ಫ್ಲಾಸ್ಕು. ಹುಮೇರಾ ಮುಖ ತಿರುಗಿಸಿದಳು.

"ಜಗದಕ್ಕ," ಅಕ್ತರ್ ಬೀ ಕಿಟಕಿಯಿಂದ ಬಗ್ಗಿ ಕನ್ನಡದಲ್ಲಿ ಕೇಳಿದಳು, "ಈ ಮಕ್ಳು ನಂಗೆ ಏನೂ ಹೇಳಂಗಿಲ್ಲ. ನೀವು ಖರೇ ಹೇಳ್ರಿ. ನಂದು ತಡ ಆತಾ?"

ಜಗದಾಂಬ ಹುಮೇರಾಳತ್ತ ನೋಡಿದಳು. ಹೂಂ ಅನ್ನಬೇಕೋ ಬೇಡ ಅನ್ನಬೇಕೋ ಹುಮೇರಾಗೂ ತಿಳಿಯಲಿಲ್ಲ. ಡ್ರೈವರು ಬಂದು ಕೂತ. ಜಗದಾಂಬ ಫ್ಲಾಸ್ಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ತಡ ಆಗೈತಿ ಅಕ್ತರಮ್ಮ. ಭಾಳ ತಡ ಆಗೈತಿ. ಅವತ್ತೇ ನಾ ನಿನ್ನ ಎಳಕಂಡು ಹೋಗ್ಬೇಕಿತ್ತು."

ಅಕ್ತರ್ ಬೀಯ ಮುಖ ಸಣ್ಣದಾಯಿತು. ಇಷ್ಟು ದಿನ ಯಾರೂ ಆಡದ ಮಾತು ಅದು, ಹುಮೇರಾ ಕೂಡ. ಇಂಜಿನ್ನು ಗುರುಗುಟ್ಟಿ ಕಿಟಕಿಯ ಗಾಜು ನಡುಗತೊಡಗಿತು.

"ಹಂಗಾರೆ ಕೆಳಗೆ ಯಾಕೆ ನಿಂತೀರಿ?" ಎಂದಳು ಅಕ್ತರ್ ಬೀ. "ಹತ್ರಿ."

ಜಗದಾಂಬ ಹತ್ತಿದಳು. ಸೀಟಿನ ಬಳಿ ಬಂದು ನಿಂತಳು. ಹುಮೇರಾ ಒಂದು ಕ್ಷಣ ಕೂತೇ ಇದ್ದಳು, ಆಮೇಲೆ ಎದ್ದು ಜಾಗ ಬಿಟ್ಟಳು. ಇಬ್ಬರು ಹೆಂಗಸರೂ ಭುಜಕ್ಕೆ ಭುಜ ತಾಗಿಸಿ ಮುಂದಕ್ಕೆ ನೋಡುತ್ತ ಕೂತರು.

ಕಂಡಕ್ಟರು ಬಂದ. ಹೆಂಗಸರಿಗೆ ಟಿಕೆಟ್ ಉಚಿತ, ಆಧಾರ್ ತೋರಿಸಿದರೆ ಸಾಕು. ಹುಮೇರಾ ತನ್ನದನ್ನೂ ತಾಯಿಯದನ್ನೂ ತೋರಿಸಿದಳು. ಜಗದಾಂಬ ಸೊಂಟ ತಡವಿಕೊಂಡಳು, ಸೆರಗಿನ ಗಂಟು ತಡವಿಕೊಂಡಳು. ಕಾರ್ಡು ಇರಲಿಲ್ಲ, ಪರ್ಸೂ ಇರಲಿಲ್ಲ.

"ಕಾರ್ಡ್ ಇಲ್ಲಾಂದ್ರೆ ದುಡ್ಡು ಕೊಡಬೇಕಮ್ಮ. ಇಲ್ಲಾಂದ್ರೆ ಇಳೀರಿ. ಯಾರ ಜೊತೆಗೆ ಬಂದೀರಿ?"

ಜಗದಾಂಬ ಏಳಹೋದಳು. ಹುಮೇರಾ ಅವಳ ಹೆಗಲ ಮೇಲೆ ಕೈಯಿಟ್ಟು ಕೂರಿಸಿದಳು. ಇನ್ನೊಂದು ಕೈಯಿಂದ ನೋಟು ತೆಗೆದು ಚಾಚಿದಳು.

"ನಮ್ಮ ಜೊತೆ," ಎಂದಳು. "ಒಂದು ಶಿವಮೊಗ್ಗ ಕೊಡಿ."