ಆರ್ಕುಟ್‌ಗೆ ನಾನು ಬರೆದ ಕ್ಷೇಮಪತ್ರ

ಎರಡು ಸಾವಿರದ ಎಂಟರ ದಸರೆ ಮುಗಿದ ವಾರ, ಕಲಬುರಗಿಯ ಶಹಾಬಜಾರದಿಂದ ಮಗಳು ಬಂಡಮ್ಮ ಫೋನು ಮಾಡಿದಳು. ಹತ್ತನೇ ತರಗತಿಯ ಮೊಮ್ಮಗಳು ಜಗದೇವಿ ನಾಲ್ಕು ದಿನದಿಂದ ಶಾಲೆಗೆ ಹೋಗಿಲ್ಲ, ರೊಟ್ಟಿ ಮುರಿದು ಹಾಗೇ ಇಡುತ್ತಾಳೆ. ಕಮಲಾಪುರದ ಕೆಂಪು ಬಾಳೆಹಣ್ಣು ಕಟ್ಟಿಕೊಂಡು ಬಸ್ಸು ಹತ್ತಿದೆ. ಎಲ್ಲ ಜಡ್ಡಿಗೂ ನನ್ನ ಬಳಿ ಅದೊಂದೇ ಔಷಧ.

ಹುಡುಗಿ ಹಣ್ಣು ಮುಟ್ಟಲಿಲ್ಲ.

"ನಾ ಹುಟ್ಟಿದ ದಿನ ಆರ್ಕುಟ್‌ನಾಗ ನನಗ ಯಾರೂ ಬರೀಲಿಲ್ಲ, ಆಯಿ. ನಮ್ಮ ಕ್ಲಾಸಿನ ಗುಲ್ಶನ್‌ಗ ಎಪ್ಪತ್ತು ಮಂದಿ ಬರದಿದ್ರು. ಯಾವ ಮಾರಿ ಹೊತ್ತು ಸಾಲಿಗಿ ಹೋಗ್ಲಿ?"

ಆರ್ಕುಟ್ ಎಂದರೆ ಕಂಪ್ಯೂಟರಿನಲ್ಲಿ ಗೆಳೆಯರು ಒಬ್ಬರಿಗೊಬ್ಬರು ಬರೆಯುವ ಜಾಗವಂತೆ. ಬರೆಯುವವರಿಲ್ಲದ್ದೇ ರೋಗವಾದರೆ ಮದ್ದು ನನ್ನ ಕೈಯಲ್ಲೇ ಇತ್ತು. ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು ನಾನು. ಪತ್ರ ಬರೆಯುವುದರಲ್ಲಿ ನನ್ನದೇ ಮೊದಲ ನಂಬರು. ಉಳಿದವರು ತೂಕಡಿಸುತ್ತಿದ್ದರು, ಅದು ಬೇರೆ ಮಾತು. ಮೊದಲು ಕ್ಷೇಮ, ಆಮೇಲೆ ಮನೆಯ ಸುದ್ದಿ ಒಂದೂ ಬಿಡದೆ, ಕೊನೆಗೆ ಬುದ್ಧಿಮಾತು: ಇದು ಮಾಸ್ತರರು ಕಲಿಸಿದ ಕ್ರಮ.

ಓಣಿಯ ಇಂಟರ್ನೆಟ್ ಅಂಗಡಿಯ ಶಬ್ಬೀರ್ ನನ್ನ ಹೆಸರಿನಲ್ಲಿ ಖಾತೆ ತೆರೆದು, ನಾನು ಬರೆದುಕೊಂಡು ಹೋಗಿದ್ದ ಕಾಗದ ನೋಡಿ ಒತ್ತತೊಡಗಿದ. ನಡುವೆ ಕೈ ನಿಲ್ಲಿಸಿದ.

"ಆಯಿ, ಇಷ್ಟೆಲ್ಲಾ ಹಾಕಬೇಕೇನ್ರಿ?"

"ಹಾಕಪಾ. ಅಂಚೆ ಕಾರ್ಡಿನ್ಯಾಗ ಜಾಗ ಖಾಲಿ ಬಿಡಬಾರದು."

ಪತ್ರ ಹೋಯಿತು: 'ಚಿರಂಜೀವಿ ಜಗದೇವಿಗೆ ಆಯಿಯ ಆಶೀರ್ವಾದ. ನಾವೆಲ್ಲ ಕ್ಷೇಮ. ಎಮ್ಮೆ ಈದಿದೆ. ನಿನ್ನ ತಲೆಯ ಹೇನು ಕಡಿಮೆಯಾಯಿತೇ? ಯಾರೂ ಬರೆಯಲಿಲ್ಲವೆಂದು ಊಟ ಬಿಡಬೇಡ.'

ಮರುದಿನ ಸಂಜೆ ಗುಲ್ಶನ್ ಮನೆಗೇ ಬಂದಳು. "ನಿಮ್ಮ ಆಯಿ ಬರದಿದ್ದು ಇಡೀ ಕ್ಲಾಸೇ ಓದ್ಯದ."

ಜಗದೇವಿಯ ಮುಖ ಬಿಳಿಚಿತು. "ಹೇನಿಂದೂ ಬರದೀಯೇನು, ಆಯಿ?"

"ಎಲ್ಲಾರೂ ಓದ್ತಾರಂತ ನನಗೇನ್ ಗೊತ್ತವ್ವ. ಊರಾಗಾದ್ರ ಅಂಚೆಯವ ಒಬ್ಬನೇ ಓದ್ತಾನ."

ಗುಲ್ಶನ್ ನಕ್ಕಳು. "ಹೇನು ನನಗೂ ಅವ. ನನಗ ಬರದ ಎಪ್ಪತ್ತು ಮಂದ್ಯಾಗ ಊಟ ಆತೇನು ಅಂತ ಒಬ್ಬರರೆ ಕೇಳ್ಯಾರೇನು? ನಾಳೆ ಸಾಲಿಗಿ ಬಾ. ಕರು ಹೆಣ್ಣೋ ಗಂಡೋ ಅಂತ ಎಲ್ಲಾರೂ ನನ್ನ ಜೀವ ತಿನ್ನಾಕತ್ತಾರ. ಆಯಿಗೂ ಬರದಾರ, ಇಪ್ಪತ್ಮೂರು ಮಂದಿ."

"ಹೆಣ್ಣು," ಎಂದಳು ಜಗದೇವಿ, ನನ್ನನ್ನು ದುರುಗುಟ್ಟಿ ನೋಡುತ್ತ. ಸ್ವಲ್ಪ ಹೊತ್ತಿಗೆ ಅವಳ ಕೈ ಬಾಳೆಹಣ್ಣಿನತ್ತ ಹೋಯಿತು.

ಮರುದಿನ ಅವಳು ಶಾಲೆಗೆ ಹೋದಳು. ನಾನು ಊರಿಗೆ ಮರಳುವ ಕಮಲಾಪುರದ ಬಸ್ಸು ಹತ್ತದೆ ಶಬ್ಬೀರನ ಅಂಗಡಿಗೆ ಹೋದೆ. ಇಪ್ಪತ್ಮೂರು ಜನಕ್ಕೂ ಕ್ಷೇಮದಿಂದ ಹಿಡಿದು ಬುದ್ಧಿಮಾತಿನವರೆಗೆ ಉತ್ತರ ಬರೆಸಿದೆ. ಅದರ ಮರುದಿನ ಹೋಗಿ ನೋಡಿದರೆ ಯಾರೂ ಏನೂ ಬರೆದಿರಲಿಲ್ಲ.

ಆ ಮಧ್ಯಾಹ್ನ ಬಂಡಮ್ಮ ಬಡಿಸಿದ ರೊಟ್ಟಿಯನ್ನು ಮುರಿದು ಹಾಗೇ ಇಟ್ಟೆ.